ಕಡಲತಳ ಕನ್ನಡಿಯಲ್ಲ

ಹುಬ್ಬಳ್ಳಿಯಿಂದ ಯಲ್ಲಾಪುರವನ್ನು ಹಾಯ್ದು ಘಟ್ಟವಿಳಿದು ಬರುವ ಹೆದ್ದಾರಿಯು ಅಂಕೋಲೆಯ ಸಮೀಪದ ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿಯನ್ನು ಕೂಡುತ್ತದೆ. ಅಲ್ಲಿಂದ ಕುಮಟೆಯ ದಿಕ್ಕಿಗೆ ತಿರುಗಿದರೆ ಕೆಲವೇ ಕಿಲೋಮೀಟರುಗಳಲ್ಲಿ ಶಿರೂರು ಸಿಕ್ಕುತ್ತದೆ. ಅಲ್ಲಿ ರಸ್ತೆಯ ಒಂದು ಮಗ್ಗುಲಲ್ಲಿ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ಗಂಗಾವಳಿ ನದಿ. 2024ನೆಯ ಇಸವಿಯ ಜುಲೈ 16ರಂದು ಆ ಗುಡ್ಡವು ಕುಸಿದು, ಹೆದ್ದಾರಿಯನ್ನು ದಾಟಿ, ನದಿಯೊಳಕ್ಕೆ ನುಗ್ಗಿ ಹಲವರ ಪ್ರಾಣವನ್ನು ತೆಗೆದುಕೊಂಡಿತು. ರಸ್ತೆಯ ಬದಿಯಲ್ಲಿದ್ದ ಕೇರಳದ ಲಾರಿಯೊಂದು ಚಾಲಕನೊಡನೆ ಕಾಣೆಯಾಯಿತು. ಮೊದಲು ರಸ್ತೆಯ ಮೇಲಿನ ಮಣ್ಣಿನಲ್ಲಿಯೂ ಆಮೇಲೆ ನದಿಯಲ್ಲಿಯೂ ಹುಡುಕಿದರು. ನೌಕಾಪಡೆಯ ಮುಳುಗುಗಾರರು ಬಂದರು, ಸೋನಾರ್ ಬಂದಿತು, ಡ್ರೋನಿಗೆ ಕಟ್ಟಿದ ಶೋಧಕಯಂತ್ರವೂ ಬಂದಿತು. ಕೊನೆಗೆ ಗೋವೆಯಿಂದ ಹೂಳೆತ್ತುವ ಹಡಗನ್ನು ತರಿಸಿ ನದಿಯ ತಳವನ್ನು ತೋಡಿದ ಮೇಲೆ ಲಾರಿಯೂ ಅದರೊಳಗಿದ್ದ ಚಾಲಕನ ದೇಹವೂ ದೊರೆತದ್ದು ಸೆಪ್ಟೆಂಬರ್ 25ರಂದು.

ಆ ಎರಡು ತಿಂಗಳಿಗೂ ಮೀರಿದ ಅವಧಿಯಲ್ಲಿ ಚಹದಂಗಡಿಗಳಲ್ಲಿಯೂ ಬಸ್ಸುಗಳಲ್ಲಿಯೂ, ಸಂಕೋಚದಿಂದಲೇ ಹೇಳಬೇಕು, ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿಯೂ ನಾವು ಒಂದೇ ಪ್ರಶ್ನೆಯನ್ನು ಕೇಳಿದೆವು: “ಸಾವಿರಾರು ಮೀಟರು ಆಳದ ಸಮುದ್ರದ ತಳವನ್ನು ಅಳೆಯುವ ಸೋನಾರಿಗೆ ನಮ್ಮ ಊರ ಹೊಳೆಯಲ್ಲಿ ಒಂದು ಲಾರಿ ಕಾಣಲಿಲ್ಲವೆ?” ಕೇಳಿದವರ ದನಿಯಲ್ಲಿ ದುಃಖವಿದ್ದಿತು, ಕೋಪವೂ ಇದ್ದಿತು. ಯಂತ್ರ ಕೆಟ್ಟಿದೆ ಎಂದರು ಕೆಲವರು; ಯಂತ್ರ ನಡೆಸುವವರಿಗೆ ಕೆಲಸ ಬಾರದು ಎಂದರು ಮತ್ತೆ ಕೆಲವರು. ನಮ್ಮ ಅಭಿಪ್ರಾಯ ಬೇರೆ. ಈ ಪ್ರಶ್ನೆಯನ್ನು ಹುಟ್ಟಿಸಿದವರು ನಾವು, ಎಂದರೆ ಭೌತಶಾಸ್ತ್ರವನ್ನು ಪಾಠ ಹೇಳುವವರು. ಸಮುದ್ರದ ತಳವನ್ನು ನಾವು ಪಠ್ಯಪುಸ್ತಕದಲ್ಲಿ ಒಂದು ಕನ್ನಡಿಯನ್ನಾಗಿ ಮಾಡಿ ಇಟ್ಟಿದ್ದೇವೆ.

ವಾಚಕರಲ್ಲಿ ವಿದ್ಯಾರ್ಥಿಗಳಾದವರು ಈ ಲೆಕ್ಕವನ್ನು ಮಾಡಿಯೇ ಇರುತ್ತಾರೆ. ಹಡಗಿನಿಂದ ಕಳುಹಿಸಿದ ಧ್ವನಿಯು ಕಡಲತಳದಿಂದ ಪ್ರತಿಫಲಿಸಿ ಇಷ್ಟು ಸೆಕೆಂಡಿಗೆ ಹಿಂದಿರುಗಿತು, ನೀರಿನಲ್ಲಿ ಧ್ವನಿಯ ವೇಗ ಇಂತಿಷ್ಟು, ಆಳವೆಷ್ಟು? ವೇಗವನ್ನು ಕಾಲದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಮುಗಿಯಿತು, ಎರಡು ಅಂಕ ಸಿಕ್ಕಿತು. ನಾವೂ ಇದನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಕೊಟ್ಟಿದ್ದೇವೆ. ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ; ಆದರೆ ಅದರಲ್ಲಿ ತಳವೆಂಬುದು ಕೇವಲ ಒಂದು ಗೆರೆ. ಅದು ಕೆಸರೋ ಹೊಯ್ಗೆಯೋ ಬಂಡೆಯೋ ಎಂದು ಕೇಳುವ ಪ್ರಸಂಗವೇ ಬಾರದು. ಧ್ವನಿಯು ಹೋಯಿತು, ತಗಲಿತು, ಬಂದಿತು. ಹೀಗೆ ಕಲಿತವನು ಮುಂದೆ ಸೋನಾರಿನ ಹೆಸರು ಕೇಳಿದಾಗ ಅದನ್ನು ನೀರಿನೊಳಗಿನ ಕಣ್ಣೆಂದು ತಿಳಿದರೆ ಆಶ್ಚರ್ಯವೇನು? ಅದು ಕಣ್ಣಲ್ಲ, ಕಿವಿ. ಎದುರಿಗಿರುವುದು ಹೇಗೆ ಉತ್ತರ ಕೊಡುತ್ತದೆಯೋ ಅಷ್ಟನ್ನು ಮಾತ್ರ ಅದು ಕೇಳಬಲ್ಲದು.

ಹಿಂದಿನ ಕಾಲದ ನಾವಿಕರು ಈ ವಿಷಯದಲ್ಲಿ ನಮಗಿಂತ ಜಾಣರು. ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ ಅವರು ಆಳವನ್ನು ಅಳೆಯುತ್ತಿದ್ದರು. ಆ ಗುಂಡಿನ ಅಡಿಯಲ್ಲಿ ಒಂದು ಕುಳಿಯಿರುತ್ತಿದ್ದಿತು. ಅದರಲ್ಲಿ ಪ್ರಾಣಿಯ ಕೊಬ್ಬನ್ನು ಮೆತ್ತಿ ಇಳಿಬಿಟ್ಟರೆ ತಳದ ಮರಳು, ಚಿಪ್ಪಿನ ಚೂರು, ಕೆಸರು ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತಿದ್ದುವು. ಏನೂ ಅಂಟದೆ ಕೊಬ್ಬು ಜಜ್ಜಿಹೋಗಿದ್ದರೆ ಕೆಳಗೆ ಕಲ್ಲೆಂದು ತಿಳಿಯುತ್ತಿದ್ದರು. ಹೀಗೆ ಒಂದೇ ಹಗ್ಗದಿಂದ ಎರಡು ಪ್ರಶ್ನೆಗಳಿಗೆ ಉತ್ತರ: ಎಷ್ಟು ಆಳ, ಎಂಥ ತಳ. ಎರಡನೆಯದು ತಿಳಿಯದೆ ಲಂಗರು ಹಾಕುವಂತಿಲ್ಲ. ಆಮೇಲೆ ಪ್ರತಿಧ್ವನಿಯಿಂದ ಅಳೆಯುವ ಯಂತ್ರಗಳು ಬಂದುವು. 1925ರಿಂದ 1927ರವರೆಗೆ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಸಂಚರಿಸಿದ ಜರ್ಮನಿಯ ‘ಮೀಟಿಯೋರ್’ ಎಂಬ ಹಡಗು ಅರುವತ್ತೇಳು ಸಾವಿರಕ್ಕೂ ಮಿಕ್ಕಿದ ಕಡೆಗಳಲ್ಲಿ ಆಳವನ್ನು ಅಳೆಯಿತು. ಹಗ್ಗದಿಂದ ಅದು ಸಾಧ್ಯವಿರಲಿಲ್ಲ. ಆದರೆ ಹಗ್ಗದೊಡನೆ ಆ ಎರಡನೆಯ ಪ್ರಶ್ನೆಯೂ ಪಠ್ಯಪುಸ್ತಕದಿಂದ ಜಾರಿಹೋಯಿತು. ನಮ್ಮ ಕಾರವಾರ ಅಂಕೋಲೆಗಳ ಮೀನುಗಾರನು ಮಾತ್ರ ಅದನ್ನು ಬಿಟ್ಟಿಲ್ಲ. ಕಲ್ಲಿನ ಮೇಲೆ ಬಲೆ ಎಳೆದರೆ ಹರಿದುಹೋಗುವುದೆಂಬುದನ್ನು ಅವನಿಗೆ ಯಾರೂ ಪರೀಕ್ಷೆಯಲ್ಲಿ ಕೇಳಬೇಕಾಗಿಲ್ಲ.

ತಳಕ್ಕೆ ತಗಲಿದ ಧ್ವನಿಗೆ ಏನಾಗುತ್ತದೆ? ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಧ್ವನಿಯು ನೆಟ್ಟಗೆ ಬಂದು ಬಿದ್ದಾಗ ಎಷ್ಟು ಭಾಗ ಹಿಂದಿರುಗುತ್ತದೆ ಎಂಬುದು ಒಂದು ಗುಣಲಬ್ಧವನ್ನು ಅವಲಂಬಿಸಿದೆ: ಮಾಧ್ಯಮದ ಸಾಂದ್ರತೆಯನ್ನು ಅದರಲ್ಲಿನ ಧ್ವನಿಯ ವೇಗದಿಂದ ಗುಣಿಸಿದರೆ ಬರುವ ಸಂಖ್ಯೆ. ಇದಕ್ಕೆ ಧ್ವನಿಪ್ರತಿರೋಧವೆಂದು ಹೆಸರು. ಎರಡು ಮಾಧ್ಯಮಗಳ ಈ ಸಂಖ್ಯೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿದರೆ, ಹಿಂದಿರುಗುವ ಶಕ್ತಿಯ ಪಾಲು ದೊರೆಯುತ್ತದೆ. ನಮ್ಮ ಕರಾವಳಿಯ ಬೆಚ್ಚಗಿನ ಉಪ್ಪುನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರು. ತಳವು ಗಟ್ಟಿಬಂಡೆಯಾದರೆ ಶಕ್ತಿಯಲ್ಲಿ ನೂರಕ್ಕೆ ಸುಮಾರು 65 ಪಾಲು ಹಿಂದಿರುಗುತ್ತದೆ. ಹೊಯ್ಗೆಯಾದರೆ ನೂರಕ್ಕೆ 13 ಅಥವಾ 14. ಮೆತ್ತನೆಯ ಕೆಸರಾದರೆ ನೂರಕ್ಕೆ ಎರಡೋ ಮೂರೋ! ಕನ್ನಡಿಯೆಂದು ನಾವು ಹೇಳಿಕೊಟ್ಟ ತಳವು ತನ್ನ ಮೇಲೆ ಬಿದ್ದುದರಲ್ಲಿ ನೂರಕ್ಕೆ ತೊಂಬತ್ತೇಳು ಪಾಲನ್ನು ನುಂಗಿಬಿಡುತ್ತದೆ.

ಕೆಸರು ಹೀಗೇಕೆ? ಇದರಲ್ಲಿ ಒಂದು ಚೋದ್ಯವಿದೆ. ಘನವಸ್ತುಗಳಲ್ಲಿ ಧ್ವನಿಯು ದ್ರವಗಳಿಗಿಂತ ವೇಗವಾಗಿ ಹೋಗುತ್ತದೆ ಎಂದು ನಾವು ಬಾಯಿಪಾಠ ಮಾಡಿಸಿದ್ದೇವಷ್ಟೆ. ಕೆಸರೆಂದರೆ ನೀರಿಗೆ ಘನವಸ್ತುವಿನ ಕಣಗಳು ಸೇರಿದ್ದು. ಆದ್ದರಿಂದ ಅದರಲ್ಲಿ ಧ್ವನಿಯು ನೀರಿಗಿಂತ ವೇಗವಾಗಿ ಹೋಗಬೇಕು ಎಂದು ಯಾರಾದರೂ ಹೇಳಿಯಾರು. ನಿಜವಾಗಿ ಮೆತ್ತನೆಯ ಕೆಸರಿನಲ್ಲಿ ಧ್ವನಿಯು ಮೇಲಿನ ನೀರಿಗಿಂತ ನಿಧಾನವಾಗಿ ಹೋಗುತ್ತದೆ. ಇಂಗ್ಲೆಂಡಿನ ಭೌತವಿಜ್ಞಾನಿ ಎ. ಬಿ. ವುಡ್ ಎಂಬವರು 1930ರಲ್ಲಿ ಪ್ರಕಟಿಸಿದ ಧ್ವನಿಶಾಸ್ತ್ರದ ಗ್ರಂಥದಲ್ಲಿ ಇಂತಹ ಮಿಶ್ರಣಗಳಿಗೆ ಕೊಟ್ಟ ಸೂತ್ರದಿಂದ ಇದರ ಕಾರಣ ತಿಳಿಯುತ್ತದೆ. ಧ್ವನಿಯ ವೇಗವು ಎರಡರ ಜಗಳದಿಂದ ನಿರ್ಧಾರವಾಗುತ್ತದೆ: ಮಾಧ್ಯಮದ ಬಿಗುವು ಹೆಚ್ಚಿದರೆ ವೇಗ ಹೆಚ್ಚು, ಸಾಂದ್ರತೆ ಹೆಚ್ಚಿದರೆ ವೇಗ ಕಡಿಮೆ. ಬಂಡೆಯಲ್ಲಿ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ, ಬಿಗುವು ಬಹಳ. ಹೊಯ್ಗೆಯಲ್ಲಿ ಕಣಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಸ್ವಲ್ಪ ಬಿಗುವು ಉಂಟು. ಕೆಸರಿನಲ್ಲಾದರೆ ಕಣಗಳು ನೀರಿನಲ್ಲಿ ತೇಲುತ್ತಿರುವಂತೆ ಬಿಡಿಬಿಡಿಯಾಗಿರುತ್ತವೆ. ಅವು ತಮ್ಮ ಭಾರವನ್ನೆಲ್ಲ ಕೊಡುತ್ತವೆ, ಬಿಗುವನ್ನು ಮಾತ್ರ ಅಷ್ಟಾಗಿ ಕೊಡವು. ಬಂಡಿಗೆ ಹೇರು ಹೆಚ್ಚಿತು, ಎತ್ತು ಹೆಚ್ಚಲಿಲ್ಲ.

ಸಂಖ್ಯೆಗಳನ್ನು ಹಾಕಿ ನೋಡೋಣ. ಗಾತ್ರದಲ್ಲಿ ಮುಕ್ಕಾಲು ಪಾಲು ಉಪ್ಪುನೀರು, ಕಾಲು ಪಾಲು ಮಣ್ಣಿನ ಕಣಗಳಿರುವ ಕೆಸರು ಲೀಟರಿಗೆ ಸುಮಾರು 1.43 ಕಿಲೋಗ್ರಾಂ ತೂಗುತ್ತದೆ. ನೀರಿನ ತೂಕಕ್ಕಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚು. ಅದರ ಬಿಗುವು ಹೆಚ್ಚುವುದಾದರೋ ನೂರಕ್ಕೆ ಸುಮಾರು ಮೂವತ್ತು ಮಾತ್ರ. ವುಡ್ಡರ ಸೂತ್ರದಂತೆ ವೇಗವು ಸೆಕೆಂಡಿಗೆ 1490 ಮೀಟರು ಆಗುತ್ತದೆ. ಮೇಲಿನ ನೀರಿನಲ್ಲಿ 1540 ಇದ್ದಿತೆಂಬುದನ್ನು ನೆನೆಯಿರಿ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಎಡ್ವಿನ್ ಹ್ಯಾಮಿಲ್ಟನ್ ಎಂಬವರು 1950ರ ದಶಕದಿಂದ ಮೊದಲುಗೊಂಡು ಹಲವು ವರ್ಷಗಳ ಕಾಲ ಕಡಲತಳದ ಬಗೆಬಗೆಯ ಮಣ್ಣುಗಳಲ್ಲಿ ಧ್ವನಿಯ ವೇಗವನ್ನು ಅಳೆದು, ಮೆತ್ತನೆಯ ಕೆಸರಿನ ವಿಷಯದಲ್ಲಿ ಇದು ನಿಜವೆಂಬುದನ್ನು ತೋರಿಸಿದರು. ಸಾಂದ್ರತೆ ಹೆಚ್ಚಿ ವೇಗ ಕಡಿಮೆಯಾದುದರಿಂದ ಎರಡರ ಗುಣಲಬ್ಧವು ನೀರಿನದಕ್ಕಿಂತ ಬಹಳ ದೂರ ಹೋಗಲಿಲ್ಲ. ನೀರಿಗೂ ಕೆಸರಿಗೂ ನಡುವಣ ಗಡಿಯು ಧ್ವನಿಯ ಪಾಲಿಗೆ ಗೋಡೆಯಲ್ಲ, ಹೊಸ್ತಿಲು.

ಹಾಗಾದರೆ ಒಳಕ್ಕೆ ಹೋದ ಧ್ವನಿಯು ಅಲ್ಲಿ ಹೂತಿರುವ ವಸ್ತುವನ್ನು ಮುಟ್ಟಿ ಬರಬಾರದೇಕೆ? ಬರಬಹುದು, ಆದರೆ ಸುಂಕ ತೆತ್ತು ಬರಬೇಕು. ಮಣ್ಣಿನಲ್ಲಿ ಸಾಗುವ ಧ್ವನಿಯನ್ನು ಮಣ್ಣು ಹೀರಿಕೊಳ್ಳುತ್ತದೆ, ಮತ್ತು ಈ ಹೀರಿಕೆಯು ಧ್ವನಿಯ ಆವೃತ್ತಿಯೊಡನೆ, ಎಂದರೆ ಸೆಕೆಂಡಿಗೆ ಎಷ್ಟು ಕಂಪನಗಳೆಂಬುದರೊಡನೆ, ಹೆಚ್ಚುತ್ತ ಹೋಗುತ್ತದೆ. ಹೊಯ್ಗೆಯಲ್ಲಿ ಪ್ರತಿ ಕಿಲೋಹರ್ಟ್ಸಿಗೆ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ನಷ್ಟವೆಂದು ಇಟ್ಟುಕೊಳ್ಳಬಹುದು. 5 ಕಿಲೋಹರ್ಟ್ಸಿನ ಧ್ವನಿಯು ಒಂದು ಮೀಟರು ಹೋಗುವುದರೊಳಗೆ ಎರಡೂವರೆ ಡೆಸಿಬೆಲ್ ಕಳೆದುಕೊಳ್ಳುತ್ತದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. 200 ಕಿಲೋಹರ್ಟ್ಸಿನ ಧ್ವನಿಯಾದರೆ ನೂರು ಡೆಸಿಬೆಲ್ ಕಳೆದುಕೊಳ್ಳುತ್ತದೆ. ಎಂದರೆ ಸಾವಿರ ಕೋಟಿಯಲ್ಲಿ ಒಂದು ಪಾಲು ಉಳಿಯುತ್ತದೆ. ಅದು ಮತ್ತೆ ಅಷ್ಟೇ ದಾರಿಯನ್ನು ಹಿಂದಕ್ಕೆ ಬರಬೇಕಷ್ಟೆ! ಕೆಸರಿನಲ್ಲಿ ನಷ್ಟವು ಇದಕ್ಕಿಂತ ಎಷ್ಟೋ ಕಡಿಮೆ. ಆದರೂ ಅಷ್ಟು ಹೆಚ್ಚಿನ ಆವೃತ್ತಿಯಲ್ಲಿ ಒಂದೆರಡು ಮೀಟರಿನ ಹೂಳು ಸಾಕು.

ಕಡಿಮೆ ಆವೃತ್ತಿಯನ್ನೇ ಬಳಸಿದರಾಯಿತು ಎನ್ನುವಿರೇನು? ಅಲ್ಲಿ ಇನ್ನೊಂದು ತೊಡಕು. 200 ಕಿಲೋಹರ್ಟ್ಸಿನ ಧ್ವನಿಯ ತರಂಗಾಂತರವು ನೀರಿನಲ್ಲಿ ಎಂಟು ಮಿಲಿಮೀಟರಿಗೂ ಕಡಿಮೆ. ಅದು ಸಣ್ಣ ವಸ್ತುಗಳನ್ನೂ ಬೇರ್ಪಡಿಸಿ ತೋರಿಸಬಲ್ಲದು. 5 ಕಿಲೋಹರ್ಟ್ಸಿನ ಧ್ವನಿಯ ತರಂಗಾಂತರವು ಸುಮಾರು ಮೂವತ್ತು ಸೆಂಟಿಮೀಟರು. ಅದು ಒಳಕ್ಕೆ ಹೋಗುತ್ತದೆ, ಆದರೆ ಒರಟಾಗಿ ಮಾತ್ರ ತಿಳಿಸುತ್ತದೆ. ಸೂಕ್ಷ್ಮವಾಗಿ ನೋಡಬೇಕೆಂದರೆ ಒಳಗೆ ಹೋಗುವಂತಿಲ್ಲ, ಒಳಗೆ ಹೋಗಬೇಕೆಂದರೆ ಸೂಕ್ಷ್ಮವಾಗಿ ನೋಡುವಂತಿಲ್ಲ. ಈ ಇಕ್ಕಟ್ಟು ಯಂತ್ರವನ್ನು ಮಾಡಿದವನ ಅಸಡ್ಡೆಯಿಂದ ಬಂದದ್ದಲ್ಲ, ಹಣ ಹೆಚ್ಚು ಕೊಟ್ಟರೆ ಪೂರ್ತಿ ಹೋಗುವಂಥದೂ ಅಲ್ಲ.

ಈಗ ಮತ್ತೆ ಗಂಗಾವಳಿಗೆ ಬರೋಣ. ಕುಸಿದ ಗುಡ್ಡವೆಂದರೆ ಕೆಸರೊಂದೇ ಅಲ್ಲ. ಮಣ್ಣು, ಮುರಕಲ್ಲಿನ ತುಂಡು, ಬಂಡೆ, ಬುಡಸಹಿತ ಬಿದ್ದ ಮರ, ಎಲ್ಲವೂ ಕಲಸಿಕೊಂಡ ರಾಶಿ. ಇಂತಹ ರಾಶಿಯ ಮೇಲೆ ಬಿದ್ದ ಧ್ವನಿಯು ಪ್ರತಿಫಲಿಸುವುದಕ್ಕಿಂತ ಹೆಚ್ಚಾಗಿ ಚದರುತ್ತದೆ. ಒಂದೊಂದು ಕಲ್ಲೂ ತನ್ನ ಪಾಡಿಗೆ ಒಂದು ಸಣ್ಣ ಪ್ರತಿಧ್ವನಿಯನ್ನು ಎಲ್ಲ ದಿಕ್ಕುಗಳಿಗೂ ಕಳುಹಿಸುತ್ತದೆ. ಸಂತೆಯಲ್ಲಿ ಒಬ್ಬನ ದನಿಯನ್ನು ಹುಡುಕಿದಂತೆ, ಆ ಗದ್ದಲದಲ್ಲಿ ಲಾರಿಯ ಪ್ರತಿಧ್ವನಿಯನ್ನು ಬೇರೆ ಮಾಡಬೇಕು. ಜೊತೆಗೆ ಅದು ಮಳೆಗಾಲದ ಹೊಳೆ: ನೀರಿನ ತುಂಬ ಹೂಳು, ಸುಳಿಯಿಂದ ಎದ್ದ ಗಾಳಿಗುಳ್ಳೆ. ಆಳ ಕಡಿಮೆಯಾದುದರಿಂದ ಧ್ವನಿಯು ನೀರಿನ ಮೇಲ್ಮೈಗೂ ತಳಕ್ಕೂ ನಡುವೆ ಹಲವು ಸಲ ಓಡಾಡಿ ಒಂದು ಉತ್ತರದ ಬದಲು ಹತ್ತು ಉತ್ತರ ಕೊಡುತ್ತದೆ. ಸಾವಿರಾರು ಮೀಟರಿನ ಸಮುದ್ರದಲ್ಲಿ ತಳವಿರುವ ಆಳವನ್ನು ತಿಳಿಯುವುದು ಸುಲಭ; ಹತ್ತು ಮೀಟರಿನ ಹೊಳೆಯಲ್ಲಿ ತಳದ ಒಳಗಿನದನ್ನು ತಿಳಿಯುವುದು ಕಷ್ಟ. ಇವೆರಡೂ ಒಂದೇ ಕೆಲಸವಲ್ಲ. ಜುಲೈ ತಿಂಗಳು ಮುಗಿಯುವುದರೊಳಗೆ ಲಾರಿಯಿರಬಹುದಾದ ಎಡೆಗಳ ಸುಳಿವು ಸಿಕ್ಕಿತ್ತೆಂಬುದನ್ನೂ, ಪ್ರವಾಹದ ಸೆಳೆತದಿಂದಾಗಿ ಮುಳುಗುಗಾರರು ಅಲ್ಲಿಗೆ ಇಳಿಯುವುದೇ ಅಪಾಯವಾಗಿದ್ದಿತೆಂಬುದನ್ನೂ ಮರೆಯಕೂಡದು. ಕೇಳಿದವರ ದುಃಖವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಯಂತ್ರವನ್ನೂ ಜನರನ್ನೂ ಬೈಯುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆ “ತಳ ಎಂಥದು?” ಎಂಬುದು. ಅದನ್ನು ಕೇಳುವುದಕ್ಕೆ ನಾವು ಯಾರಿಗೂ ಕಲಿಸಿರಲಿಲ್ಲ.

ನದಿಯನ್ನು ಬಿಟ್ಟು ಕಡಲಿಗೆ ಹೋದರೂ ವಿಷಯ ಇದೇ. ನಮ್ಮ ಪಶ್ಚಿಮ ಕರಾವಳಿಯ ಎದುರಿಗೆ ದಡದಿಂದ ಸುಮಾರು ಐವತ್ತು ಮೀಟರು ಆಳದವರೆಗೆ ಹೆಚ್ಚಿನ ಕಡೆ ತಳವು ನದಿಗಳು ತಂದ ನುಣ್ಣನೆಯ ಕೆಸರು. ಅದರಾಚೆಗೆ, ಸಮುದ್ರದ ಮಟ್ಟವು ಈಗಿಗಿಂತ ಕೆಳಗಿದ್ದ ಕಾಲದ ಹಳೆಯ ಮರಳು ಮತ್ತು ಚಿಪ್ಪಿನ ಪುಡಿ. ಕೆಸರಿನಲ್ಲಿ ಸೇರಿದ ಜೀವಿಗಳ ಅವಶೇಷವು ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲವಾಗುತ್ತದೆ. ಗೋವೆಯ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ (ಇದು 1966ರಲ್ಲಿ ಸ್ಥಾಪಿತವಾಯಿತು) ವಿಜ್ಞಾನಿಗಳು ಕಡಿಮೆ ಆವೃತ್ತಿಯ ಧ್ವನಿಯಿಂದ ಈ ಕೆಸರಿನ ಪದರಗಳನ್ನು ಚಿತ್ರಿಸುವಾಗ, ಪದರಗಳು ಚೆನ್ನಾಗಿ ಕಾಣುತ್ತಿದ್ದು ಕೆಲವು ಕಡೆ ತಟಕ್ಕನೆ ಪರದೆ ಎಳೆದಂತೆ ಮರೆಯಾಗುವುದನ್ನು ಕಂಡು, ಅದು ಅನಿಲದ ಕೆಲಸವೆಂದು ವಿವರಿಸಿದ್ದಾರೆ.

ಅನಿಲವು ಸ್ವಲ್ಪವೇ ಇದ್ದರೂ ಇಷ್ಟು ಪ್ರಬಲವೇಕೆಂಬುದಕ್ಕೂ ಅದೇ ವುಡ್ಡರ ಸೂತ್ರವು ಉತ್ತರ ಹೇಳುತ್ತದೆ. ನೀರಿನಲ್ಲಿ ನೂರಕ್ಕೆ ಒಂದು ಪಾಲು ಗಾಳಿಯು ಸಣ್ಣ ಗುಳ್ಳೆಗಳಾಗಿ ಬೆರೆಯಿತೆನ್ನೋಣ. ಭಾರವು ಬಹುಮಟ್ಟಿಗೆ ನೀರಿನದೇ ಉಳಿಯಿತು, ಬಿಗುವು ಮಾತ್ರ ಗಾಳಿಯದಾಯಿತು. ಆಗ, ವಾಯುಮಂಡಲದ ಒತ್ತಡದಲ್ಲಿ, ಧ್ವನಿಯ ವೇಗವು ಸೆಕೆಂಡಿಗೆ ಸುಮಾರು 120 ಮೀಟರಿಗೆ ಇಳಿಯುತ್ತದೆ. ನೀರಿನಲ್ಲಿ ಸಾವಿರದ ಐನೂರು, ಗಾಳಿಯಲ್ಲಿ ಮುನ್ನೂರ ನಲವತ್ತು, ಎರಡೂ ಸೇರಿದರೆ ನೂರ ಇಪ್ಪತ್ತು! ತರಗತಿಯಲ್ಲಿ ಇದನ್ನು ಹೇಳಿದಾಗ ಯಾರೂ ನಂಬುವುದಿಲ್ಲ. ಲೆಕ್ಕ ಮಾಡಿ ನೋಡಿದ ಮೇಲೆ ಯಾರೂ ಮರೆಯುವುದಿಲ್ಲ. ಆಳದಲ್ಲಿ ಒತ್ತಡ ಹೆಚ್ಚುವುದರಿಂದ ಇಳಿತವು ಇಷ್ಟು ಉಗ್ರವಾಗಿರದು. ಆದರೂ ಗುಳ್ಳೆಗಳಿರುವ ಕೆಸರು ತನ್ನ ಕೆಳಗಿನದೆಲ್ಲವನ್ನೂ ಧ್ವನಿಗೆ ಮುಚ್ಚಿಬಿಡುವುದಕ್ಕೆ ಸಾಕಾಗುತ್ತದೆ. ಕಾರವಾರದ ಬಳಿಯ ಅರ್ಗಾದಲ್ಲಿ 2005ರಿಂದ ನೌಕಾಪಡೆಯ ಕದಂಬ ನೆಲೆಯಿದೆ. ಬಂದರನ್ನು ನಡೆಸುವವರಿಗೂ ನೌಕಾಪಡೆಗೂ ಮೀನುಗಾರರಿಗೂ ಬೇಕಾದ ಭೌತಶಾಸ್ತ್ರವು ಇದೇ ಕೆಸರಿನಲ್ಲಿದೆ. ಅದರ ಪಕ್ಕದಲ್ಲಿಯೇ ಇರುವ ಕಾಲೇಜುಗಳ ಮಕ್ಕಳು ಕಲಿಯುವುದು ಕನ್ನಡಿಯ ಲೆಕ್ಕ.

ನಮ್ಮ ಸ್ನೇಹಿತರೊಬ್ಬರು ಇದಕ್ಕೆ ಆಕ್ಷೇಪಣೆ ಹೇಳಿದರು. ಎಳೆಯರಿಗೆ ವಿಷಯವನ್ನು ಸರಳ ಮಾಡಿಯೇ ಹೇಳಬೇಕು; ಘರ್ಷಣೆಯಿಲ್ಲದ ಇಳಿಜಾರು, ತೂಕವಿಲ್ಲದ ದಾರ ಇವನ್ನೂ ನಾವು ಹೇಳುತ್ತೇವಲ್ಲವೆ? ಮೇಲಾಗಿ ಪಾಠಪಟ್ಟಿ ಈಗಲೇ ತುಂಬಿ ತುಳುಕುತ್ತಿದೆ. ಮೊದಲನೆಯ ಮಾತು ಸರಿ. ಆದರೆ ಘರ್ಷಣೆಯಿಲ್ಲದ ಇಳಿಜಾರನ್ನು ಹೇಳಿದವನು ಮುಂದಿನ ಪಾಠದಲ್ಲಿ ಘರ್ಷಣೆಯನ್ನು ಹೇಳುತ್ತಾನೆ. ಕನ್ನಡಿಯ ತಳವನ್ನು ಹೇಳಿದವನು ಮುಂದೆ ಎಂದೂ ಕೆಸರನ್ನು ಹೇಳುವುದಿಲ್ಲ. ಎರಡನೆಯ ಮಾತಿಗೆ ನಮ್ಮ ಉತ್ತರವೇನೆಂದರೆ, ನಾವು ಹೊಸ ಅಧ್ಯಾಯವನ್ನೇನೂ ಕೇಳುತ್ತಿಲ್ಲ. ಹಳೆಯ ಲೆಕ್ಕಕ್ಕೆ ಒಂದೆರಡು ಸಾಲನ್ನು ಸೇರಿಸಿದರೆ ಸಾಕು.

ಅದು ಹೀಗಿರಬಹುದು. ಆಳ ಅಳೆಯುವ ಯಂತ್ರಗಳಲ್ಲಿ ಎರಡು ಆವೃತ್ತಿಗಳನ್ನು ಒಟ್ಟಿಗೆ ಬಳಸುವ ಬಗೆಯೊಂದುಂಟು. ಸಮುದ್ರವಿಜ್ಞಾನ ಸಂಸ್ಥೆಯವರು ಗೋವೆಯ ಎದುರಿನ ಕಡಲಲ್ಲಿ 33 ಮತ್ತು 210 ಕಿಲೋಹರ್ಟ್ಸಿನ ಯಂತ್ರದಿಂದ ತಳದ ಬಗೆಯನ್ನು ಗುರುತಿಸುವ ಕೆಲಸ ಮಾಡಿದ್ದಾರೆ. ಮಳೆಗಾಲದ ಹೂಳು ತುಂಬಿದ ಬಂದರೊಂದರಲ್ಲಿ ಹೆಚ್ಚಿನ ಆವೃತ್ತಿಯ ಧ್ವನಿಯು ಮೆತ್ತನೆಯ ಕೆಸರಿನ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಕಡಿಮೆ ಆವೃತ್ತಿಯದು ಅದನ್ನು ಹೊಕ್ಕು ಕೆಳಗಿನ ಗಟ್ಟಿ ಪದರದಿಂದ ಹಿಂದಿರುಗುತ್ತದೆ. ಮೊದಲನೆಯದಕ್ಕೆ 13.0 ಮಿಲಿಸೆಕೆಂಡು, ಎರಡನೆಯದಕ್ಕೆ 13.6 ಮಿಲಿಸೆಕೆಂಡು ಹಿಡಿಯಿತೆಂದು ಕೊಡೋಣ. ನೀರಿನಲ್ಲಿ 1540, ಕೆಸರಿನಲ್ಲಿ 1490 ಮೀಟರೆಂದು ವೇಗಗಳನ್ನು ಹೇಳೋಣ. ನೀರಿನ ಆಳ ಹತ್ತು ಮೀಟರು, ಅದರ ಕೆಳಗೆ ಸುಮಾರು ನಲವತ್ತೈದು ಸೆಂಟಿಮೀಟರು ಕೆಸರು. ಹಾಗಾದರೆ ತಳವು ಎಲ್ಲಿದೆ? ಹಡಗಿನ ನಾಯಕನೂ ಹೂಳೆತ್ತುವ ಗುತ್ತಿಗೆದಾರನೂ ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತಾರೆ. ಆಳವೆಂಬ ಒಂದು ಸಂಖ್ಯೆಯನ್ನು ಕೂಡ ತಳದ ಬಗೆಯನ್ನು ಕೇಳದೆ ಹೇಳುವಂತಿಲ್ಲವೆಂಬುದು ವಿದ್ಯಾರ್ಥಿಗೆ ಎರಡೇ ಅಂಕದ ಪ್ರಶ್ನೆಯಲ್ಲಿ ತಿಳಿಯುತ್ತದೆ.

ಪ್ರಯೋಗಶಾಲೆಯಲ್ಲಿ ಮಾಡುವುದಕ್ಕೂ ದೊಡ್ಡ ಉಪಕರಣ ಬೇಕಿಲ್ಲ. ಬೇಲೆಕೇರಿಯ ಕಡೆಯಿಂದಲೋ ಗಂಗಾವಳಿಯ ಅಳಿವೆಯಿಂದಲೋ ಇಳಿತದ ವೇಳೆಯಲ್ಲಿ ಒಂದು ಡಬ್ಬಿ ಕೆಸರನ್ನು ತರಬೇಕು. ಸಾಂದ್ರತೆ ಅಳೆಯುವ ಸೀಸೆಯಲ್ಲಿ ತುಂಬಿ ತೂಗಬೇಕು, ಒಣಗಿಸಿ ಮತ್ತೆ ತೂಗಬೇಕು. ಎರಡು ತೂಕಗಳ ವ್ಯತ್ಯಾಸದಿಂದ ನೀರಿನ ಪಾಲು ಗೊತ್ತಾಗುತ್ತದೆ. ಅದನ್ನು ವುಡ್ಡರ ಸೂತ್ರಕ್ಕೆ ಹಾಕಿದರೆ ಧ್ವನಿಯ ವೇಗ, ಆ ವೇಗದಿಂದ ಪ್ರತಿಫಲನದ ಪಾಲು. ಹೊಯ್ಗೆಗೆ ಮಾತ್ರ ಈ ಸೂತ್ರ ಸಲ್ಲದು, ಏಕೆಂದರೆ ಅಲ್ಲಿ ಕಣಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಒಂದು ಎಚ್ಚರಿಕೆ: ಕೆಸರನ್ನು ಸೀಸೆಗೆ ತುಂಬುವಾಗ ಮೆಲ್ಲಗೆ ತಟ್ಟುತ್ತ, ಗಾಳಿಗುಳ್ಳೆಗಳನ್ನೆಲ್ಲ ಹೊರಡಿಸಿ ತುಂಬಬೇಕು. ನೂರಕ್ಕೆ ಒಂದು ಪಾಲು ಗಾಳಿ ಉಳಿದರೆ ತೂಕದಲ್ಲಿ ಆಗುವ ತಪ್ಪು ಅಲ್ಪ. ಆದರೆ ಆ ಸೀಸೆಯಲ್ಲಿರುವ ಕೆಸರಿಗೂ ನಾವು ಲೆಕ್ಕ ಹಾಕಿದ ಕೆಸರಿಗೂ ಧ್ವನಿಯ ಮಟ್ಟಿಗೆ ಯಾವ ಸಂಬಂಧವೂ ಉಳಿದಿರುವುದಿಲ್ಲ.